ಎತ್ತರದ ಹುಡುಗನ ಮೊದಲ ವರ್ಷ

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬಹುದೆಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆನಗೋಡಿನ ಸುತ್ತಣ ಮೆಕ್ಕೆಜೋಳದ ಹೊಲಗಳನ್ನು ವರ್ಷ ವರ್ಷವೂ ನೋಡುತ್ತ ಬಂದವರಿಗೆ ಈ ಮಾತಿನಲ್ಲಿರುವ ನಿಜವೂ ಗೊತ್ತು, ಅದರಲ್ಲಿ ಅಡಗಿರುವ ಮೋಸವೂ ಗೊತ್ತು. ಮೃಗಶಿರಾ ಮಳೆಗೆ ಹುಲುಸಾಗಿ ಎದ್ದ ಪೈರು ಮಘಾ ಮಳೆಯ ಹೊತ್ತಿಗೆ ಸೊರಗಿ ನಿಂತದ್ದುಂಟು. ಇನ್ನೇನು ಹರಗಿಬಿಡಬೇಕೆಂದಿದ್ದ ಹೊಲ ತೆನೆ ತುಂಬಿ ತಲೆದೂಗಿದ್ದೂ ಉಂಟು. ಮೊಳಕೆಯನ್ನು ನೋಡಿ ಸಿರಿಯನ್ನು ಊಹಿಸುವುದು ಸುಲಭ. ಮೊಳಕೆಗೂ ಸಿರಿಗೂ ನಡುವೆ ರೈತನು ಮಾಡಬೇಕಾದ ಕೆಲಸವನ್ನು ಲೆಕ್ಕಕ್ಕೆ ಹಿಡಿಯುವುದು ಅಷ್ಟು ಸುಲಭವಲ್ಲ.

ಈ ಸ್ಮರಣ ಸಂಚಿಕೆಗೆ ಕ್ರೀಡೆಯ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದು ನಿಂತವನು ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಹೆಸರು ಬೇಡ. ಹದಿನೈದಕ್ಕೆ ಕಾಲಿಟ್ಟಿರುವ ಈ ಹುಡುಗ ಆಗಲೇ ಆರಡಿಯನ್ನು ದಾಟಿ ಮೇಲೆ ಹೋಗಿದ್ದಾನೆ. ಜೊತೆಯವರು ಅವನನ್ನು 'ಲೈಟುಕಂಬ' ಎಂದು ಕರೆಯುತ್ತಾರೆ. ಅವನೂ ನಕ್ಕು ಓಗೊಡುತ್ತಾನೆ, ಆದರೆ ನಡೆಯುವಾಗ ಬೆನ್ನನ್ನು ತುಸು ಬಾಗಿಸಿಯೇ ನಡೆಯುತ್ತಾನೆ. ಕಳೆದ ವರ್ಷ ಅವನ ಕೈಗೆ ಮೊದಲ ಸಲ ಬ್ಯಾಸ್ಕೆಟ್‌ಬಾಲ್ ಕೊಟ್ಟೆವು. ಒಂದು ವರ್ಷದ ಆಟವನ್ನು ನೋಡಿ ಅಧ್ಯಾಪಕರ ಕೊಠಡಿಯಲ್ಲಿ ಎರಡು ಪಂಗಡಗಳಾಗಿವೆ. ಈತನನ್ನು ಪಂದ್ಯದುದ್ದಕ್ಕೂ ಬಳೆಯ ಕೆಳಗೆ ನಿಲ್ಲಿಸಿಬಿಟ್ಟರೆ ತಾಲ್ಲೂಕು ಮಟ್ಟದ ಕ್ರೀಡಾಕೂಟವನ್ನು ಗೆದ್ದಂತೆಯೇ ಎಂಬುದು ಒಂದು ಪಂಗಡದ ವಾದ. ಎತ್ತರವೊಂದನ್ನು ಬಿಟ್ಟರೆ ಇವನಲ್ಲಿ ಬೇರೇನೂ ಇಲ್ಲ, ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ, ಒಂದು ವರ್ಷದಲ್ಲಿ ಬಾರದ ಆಟ ಇನ್ನು ಬಾರದು ಎಂಬುದು ಇನ್ನೊಂದು ಪಂಗಡದ ತೀರ್ಪು. ನನ್ನ ಅಲ್ಪಮತಿಗೆ ಎರಡೂ ಸರಿಯೆನಿಸುವುದಿಲ್ಲ. ಏಕೆ ಸರಿಯಲ್ಲವೆಂಬುದನ್ನು ಹೇಳಲು, ಈಚಿನ ವರ್ಷಗಳಲ್ಲಿ ಜಗತ್ತಿನಲ್ಲೆಲ್ಲ ಮಾತಿಗೆ ವಸ್ತುವಾದ ಇನ್ನೊಬ್ಬ ಎತ್ತರದ ಹುಡುಗನ ಮೊದಲ ವರ್ಷವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವೆಂದು ತೋರಿದೆ.

ಆತನೇ ಫ್ರಾನ್ಸ್ ದೇಶದ ವಿಕ್ಟರ್ ವೆಂಬನ್ಯಾಮ. ಹುಟ್ಟಿದ್ದು 2004ರ ಜನವರಿ 4ರಂದು. ತಾಯಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ, ತಂದೆ ತ್ರಿವಿಧ ಜಿಗಿತದ ಪಟು. ಎತ್ತರ ಸುಮಾರು ಏಳಡಿ ನಾಲ್ಕು ಅಂಗುಲ. ಎರಡು ಕೈಗಳನ್ನು ಚಾಚಿದರೆ ಎಂಟಡಿ. ಬ್ಯಾಸ್ಕೆಟ್‌ಬಾಲ್ ಬಳೆ ನೆಲದಿಂದ ಹತ್ತಡಿ ಎತ್ತರದಲ್ಲಿರುತ್ತದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಈತ ಜಿಗಿಯದೆ, ನಿಂತಲ್ಲಿಯೇ ಕೈಯೆತ್ತಿದರೆ ಬೆರಳ ತುದಿಗೂ ಬಳೆಗೂ ನಡುವೆ ಉಳಿಯುವುದು ಕೆಲವೇ ಅಂಗುಲ. 2023ರ ಜೂನ್ 22ರಂದು ಅಮೆರಿಕದ ಎನ್.ಬಿ.ಎ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಈತನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಆಗ ಆತನಿಗೆ ಹತ್ತೊಂಬತ್ತು ವರ್ಷ.

ಆ ಊರಿನ ಸಂಜೆಯ ಆಟ ನಮಗೆ ಮುಂಜಾನೆಯ ಆಟ. ಆ ಚಳಿಗಾಲದಲ್ಲಿ ಬೆಳಗಿನ ಆರೂವರೆಗೆ ಚಹದ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು, ಮಗನ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಈ ಪಂದ್ಯಗಳನ್ನು ನೋಡಿದ ಸುಖ ನನ್ನದು. ಮನೆಯವರ ಅಸಮಾಧಾನವನ್ನು ಇಲ್ಲಿ ಬರೆಯುವುದು ಬೇಡ.

ಆ ಮೊದಲ ವರ್ಷದ, ಎಂದರೆ 2023-24ರ, ಲೆಕ್ಕವನ್ನು ಮೊದಲು ಕೊಡುತ್ತೇನೆ. ಎಂಬತ್ತೆರಡು ಪಂದ್ಯಗಳಲ್ಲಿ ಎಪ್ಪತ್ತೊಂದನ್ನು ಆತ ಆಡಿದ. ಪಂದ್ಯವೊಂದಕ್ಕೆ ಸರಾಸರಿ ಮೂವತ್ತು ನಿಮಿಷವೂ ತುಂಬಲಿಲ್ಲ. ಅಷ್ಟರಲ್ಲಿ ಗಳಿಸಿದ್ದು ಸರಾಸರಿ 21.4 ಅಂಕ, ಹಿಡಿದ ರಿಬೌಂಡ್ 10.6, ಎದುರಾಳಿಯ ಎಸೆತಗಳನ್ನು ತಡೆದುರುಳಿಸಿದ್ದು 3.6. ವರ್ಷದುದ್ದಕ್ಕೂ ಹೀಗೆ ತಡೆದ ಎಸೆತಗಳು 254. ಆ ವರ್ಷ ಬೇರಾರೂ ಅಷ್ಟನ್ನು ತಡೆಯಲಿಲ್ಲ. ಜನವರಿಯಲ್ಲಿ ಡೆಟ್ರಾಯಿಟ್ ತಂಡದ ಮೇಲೆ ಕೇವಲ ಇಪ್ಪತ್ತೊಂದು ನಿಮಿಷಗಳಲ್ಲಿ 16 ಅಂಕ, 12 ರಿಬೌಂಡ್, ಜೊತೆಗಾರರ ಅಂಕಗಳಿಗೆ ನೆರವಾದ 10 ಪಾಸುಗಳು. ಫೆಬ್ರವರಿಯಲ್ಲಿ ಟೊರಾಂಟೊದಲ್ಲಿ ಒಂದೇ ಪಂದ್ಯದಲ್ಲಿ ಹತ್ತು ಎಸೆತಗಳನ್ನು ತಡೆದ. ಮಾರ್ಚ್ 29ರಂದು ನ್ಯೂಯಾರ್ಕ್ ತಂಡದೆದುರು ಹೆಚ್ಚುವರಿ ಅವಧಿಗೆ ಹೋದ ಪಂದ್ಯದಲ್ಲಿ 40 ಅಂಕ, 20 ರಿಬೌಂಡ್. ವರ್ಷದ ಕೊನೆಗೆ ಶ್ರೇಷ್ಠ ಹೊಸ ಆಟಗಾರನೆಂದು ಮತ ಹಾಕಿದವರೆಲ್ಲರೂ ಒಕ್ಕೊರಲಿನಿಂದ ಆತನ ಹೆಸರನ್ನೇ ಬರೆದರು. ರಕ್ಷಣೆಯ ಆಟದಲ್ಲಿ ಅತ್ಯುತ್ತಮರೆನಿಸಿದ ಐವರ ಮೊದಲ ಪಟ್ಟಿಯಲ್ಲಿ ಸ್ಥಾನ ಪಡೆದ ಪ್ರಪ್ರಥಮ ಹೊಸ ಆಟಗಾರನೆಂಬ ಕೀರ್ತಿಯೂ ಆತನದಾಯಿತು.

ಇಷ್ಟನ್ನು ಓದಿದ ವಾಚಕರು, ಇಂಥವನನ್ನು ಪಡೆದ ತಂಡ ಎಷ್ಟು ಪಂದ್ಯಗಳನ್ನು ಗೆದ್ದಿರಬಹುದೆಂದು ಊಹಿಸಬೇಕು. ಗೆದ್ದದ್ದು ಇಪ್ಪತ್ತೆರಡು, ಸೋತದ್ದು ಅರವತ್ತು. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಆತ ಬರುವುದಕ್ಕೆ ಮುಂಚಿನ ವರ್ಷವೂ ಅದೇ ತಂಡ ಗೆದ್ದದ್ದು ಇಪ್ಪತ್ತೆರಡು, ಸೋತದ್ದು ಅರವತ್ತು. ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಸಾಲುಸಾಲಾಗಿ ಹದಿನೆಂಟು ಪಂದ್ಯಗಳನ್ನು ಸೋತರು. ಆ ತಂಡದ ಇತಿಹಾಸದಲ್ಲಿಯೇ ಅಷ್ಟು ದೀರ್ಘವಾದ ಸೋಲಿನ ಸರಪಳಿ ಇರಲಿಲ್ಲ. ನಮ್ಮ ಅಧ್ಯಾಪಕರ ಕೊಠಡಿಯ ಎರಡನೆಯ ಪಂಗಡದವರಿಗೆ ಈ ಲೆಕ್ಕ ಸಿಕ್ಕಿದ್ದರೆ ಅಂದೇ ತೀರ್ಪು ಬರೆದು ಸಹಿ ಹಾಕಿಬಿಡುತ್ತಿದ್ದರು.

ಆ ತಂಡದ ಹಿಂದಿನ ಇಬ್ಬರು ದೀರ್ಘಕಾಯರ ಕಥೆಯನ್ನು ಹೋಲಿಸಿ ಆಕ್ಷೇಪಿಸಿದವರೂ ಇದ್ದರು. 1989ರಲ್ಲಿ ಡೇವಿಡ್ ರಾಬಿನ್‌ಸನ್ ಬಂದು ಸೇರಿದಾಗ, ಹಿಂದಿನ ವರ್ಷ ಇಪ್ಪತ್ತೊಂದು ಪಂದ್ಯಗಳನ್ನಷ್ಟೇ ಗೆದ್ದಿದ್ದ ತಂಡ ಐವತ್ತಾರನ್ನು ಗೆದ್ದಿತು. 1997ರಲ್ಲಿ ಟಿಮ್ ಡಂಕನ್ ಬಂದಾಗಲೂ ಇಪ್ಪತ್ತರಿಂದ ಐವತ್ತಾರಕ್ಕೆ ಏರಿತು. ಹಾಗಿದ್ದರೆ ವೆಂಬನ್ಯಾಮನ ಕಾಲಗುಣದಲ್ಲಿಯೇ ದೋಷವಿರಬೇಕಲ್ಲವೆ? ಈ ಹೋಲಿಕೆಯಲ್ಲಿ ಒಂದು ಸಂಗತಿಯನ್ನು ಮರೆಯಲಾಗಿದೆ, ಅದು ವಯಸ್ಸು. ರಾಬಿನ್‌ಸನ್ ನೌಕಾಪಡೆಯ ವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ, ತಂಡಕ್ಕೆ ಆಯ್ಕೆಯಾದ ಮೇಲೂ ಎರಡು ವರ್ಷ ನೌಕಾಸೇವೆಯನ್ನು ಸಲ್ಲಿಸಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅಂಕಣಕ್ಕಿಳಿದ. ಡಂಕನ್ ನಾಲ್ಕು ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ಪಳಗಿ ಬಂದವನು. ಅವನ ಪಕ್ಕದಲ್ಲಿ, ಗಾಯದಿಂದ ಚೇತರಿಸಿಕೊಂಡು ಮರಳಿದ ಅದೇ ರಾಬಿನ್‌ಸನ್ ನಿಂತಿದ್ದ. ಎಂದರೆ, ಅವರ 'ಮೊದಲ ವರ್ಷ'ಕ್ಕೆ ಮುಂಚೆ ಯಾರೂ ಎಣಿಸದ ನಾಲ್ಕಾರು ವರ್ಷಗಳಿದ್ದವು. ಹತ್ತೊಂಬತ್ತರ ಹುಡುಗನ ಮೊದಲ ವರ್ಷವನ್ನೂ ಇಪ್ಪತ್ತನಾಲ್ಕರ ಯುವಕನ ಮೊದಲ ವರ್ಷವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಆ ಅರವತ್ತು ಸೋಲುಗಳ ವರ್ಷದಲ್ಲಿ ತಂಡದ ಹಿರಿಯ ತರಬೇತುದಾರ ಗ್ರೆಗ್ ಪೊಪೊವಿಚ್ ಏನು ಮಾಡುತ್ತಿದ್ದರೆಂಬುದೇ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು. ಐದು ಸಲ ಎನ್.ಬಿ.ಎ. ಪ್ರಶಸ್ತಿಯನ್ನು ಗೆದ್ದು, ವಯಸ್ಸಿನಲ್ಲಿ ಎಪ್ಪತ್ತೈದರ ಹತ್ತಿರವಿದ್ದ ಆ ಮುದುಕರಿಗೆ ಪಂದ್ಯ ಗೆಲ್ಲುವ ವಿದ್ಯೆ ತಿಳಿದಿರಲಿಲ್ಲವೆಂದು ಯಾರೂ ಹೇಳಲಾರರು. ವರ್ಷದ ಆರಂಭದಲ್ಲಿ ಅವರು ವೆಂಬನ್ಯಾಮನನ್ನು ನಡುವಿನ ಸ್ಥಾನಕ್ಕೆ, ಎಂದರೆ ಬಳೆಯ ಕೆಳಗಿನ ಸೆಂಟರ್ ಸ್ಥಾನಕ್ಕೆ ಹಾಕಲಿಲ್ಲ. ತೂಕದವರೊಂದಿಗೆ ಪ್ರತಿರಾತ್ರಿ ಮೈಯುಜ್ಜಿ ಸೆಣಸುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ಹುಡುಗನನ್ನು ಹೊರಗೆ ಆಡಬಿಟ್ಟರು. ಚೆಂಡನ್ನು ಪುಟಿಸಿಕೊಂಡು ಬರಲು, ದೂರದಿಂದ ಎಸೆಯಲು, ತಪ್ಪಲು ಬಿಟ್ಟರು. ಅದೇ ಹೊತ್ತಿಗೆ ಜೆರೆಮಿ ಸೋಹಾನ್ ಎಂಬ ಇನ್ನೊಬ್ಬ ತರುಣನಿಗೆ ಅಭ್ಯಾಸವಿಲ್ಲದ ಸೂತ್ರಧಾರನ ಸ್ಥಾನವನ್ನು ಕೊಟ್ಟು ನೋಡಿದರು, ಅದು ಫಲಿಸಲಿಲ್ಲ. ಡಿಸೆಂಬರಿನಲ್ಲಿ ವೆಂಬನ್ಯಾಮನನ್ನು ಸೆಂಟರ್ ಸ್ಥಾನಕ್ಕೆ ತಂದರು; ಹೊಸ ವರ್ಷದಲ್ಲಿ ಚೆಂಡನ್ನು ಸಕಾಲಕ್ಕೆ ತಲುಪಿಸಬಲ್ಲ ಟ್ರೇ ಜೋನ್ಸ್‌ಗೆ ಸೂತ್ರವನ್ನು ಒಪ್ಪಿಸಿದರು. ಅಲ್ಲಿಂದ ಮುಂದೆ ಹುಡುಗನ ಆಟವೇ ಬೇರೆಯಾಯಿತು.

ಇನ್ನೊಂದು ಸಣ್ಣ ಘಟನೆ. ಡಿಸೆಂಬರ್ 23ರಂದು ಡಲ್ಲಾಸ್ ನಗರದಲ್ಲಿ ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ, ಚೆಂಡು ಹೆಕ್ಕಿಕೊಡುವ ಹುಡುಗನ ಕಾಲ ಮೇಲೆ ಕಾಲಿಟ್ಟು ಆತನ ಹಿಮ್ಮಡದ ಕೀಲು ಉಳುಕಿತು. ದೊಡ್ಡ ಪೆಟ್ಟೇನಲ್ಲ. ನಮ್ಮಲ್ಲಾದರೆ ಅರಿಶಿನ ಸುಣ್ಣ ಹಚ್ಚಿ ಮರುದಿನ ಆಡಿಸುತ್ತಿದ್ದೆವು. ಅಲ್ಲಿ ಆ ಪಂದ್ಯವನ್ನು ಬಿಡಿಸಿದರು. ಮಾತ್ರವಲ್ಲ, ಮುಂದೆ ಹಲವು ವಾರ ಆತ ಆಡಬಹುದಾದ ನಿಮಿಷಗಳಿಗೆ ಮಿತಿ ಹಾಕಿದರು. ಬೆನ್ನುಬೆನ್ನಿಗೆ ಎರಡು ದಿನ ಪಂದ್ಯವಿದ್ದರೆ ಒಂದನ್ನು ಬಿಡಿಸಿದರು. ಸೋಲಿನ ಮೇಲೆ ಸೋಲು ಬರುತ್ತಿದ್ದಾಗ, ಗೆಲ್ಲಿಸಬಲ್ಲ ಒಬ್ಬನೇ ಒಬ್ಬನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಸೋಲನ್ನು ನೋಡುತ್ತ ಕೂರಬೇಕಾದರೆ ಎದೆಗಾರಿಕೆ ಬೇಕು. ಡೆಟ್ರಾಯಿಟ್ ಪಂದ್ಯದ ಇಪ್ಪತ್ತೊಂದು ನಿಮಿಷಗಳು ಈ ಮಿತಿಯ ದಿನಗಳವೇ ಎಂಬುದು ಗಮನಾರ್ಹ.

ದಾವಣಗೆರೆಯ ಗರಡಿಮನೆಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಗರಡಿಗೆ ಸೇರಿದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಜೋಡಿ ಕಟ್ಟುವುದಿಲ್ಲ. ಮಣ್ಣು ಹದ ಮಾಡು, ದಂಡ ಹೊಡೆ, ಬಸ್ಕಿ ಹಾಕು, ಹಿರಿಯರ ಪಟ್ಟುಗಳನ್ನು ನೋಡು, ಅಷ್ಟೆ. ಕುಸ್ತಿಯಲ್ಲಿ ಇದು ನಮಗೆ ಗೊತ್ತು. ಚೆಂಡು ಕೈಗೆ ಬಂದಾಗ ಮಾತ್ರ ಅದೇಕೋ ಮರೆತುಹೋಗುತ್ತದೆ.

ಅದೇ ವರ್ಷ ಓಕ್ಲಹೋಮಾ ತಂಡದಲ್ಲಿ ಮೊದಲ ಸಲ ಆಡಿದ, ಏಳಡಿ ದಾಟಿದ ಚೆಟ್ ಹೋಮ್‌ಗ್ರೆನ್ ಎಂಬ ಇನ್ನೊಬ್ಬನಿದ್ದ. ಎಂಬತ್ತೆರಡು ಪಂದ್ಯಗಳನ್ನೂ ಆಡಿದ. ಅವನ ತಂಡ ಐವತ್ತೇಳನ್ನು ಗೆದ್ದಿತು. ಗೆಲುವನ್ನೇ ಅಳತೆಗೋಲಾಗಿ ಹಿಡಿಯುವವರು ಅವನಿಗೇ ಪ್ರಶಸ್ತಿ ಸಲ್ಲಬೇಕಿತ್ತೆಂದರು. ಆದರೆ ಅವನೂ ಪಾದದ ಗಾಯದಿಂದಾಗಿ ಅದಕ್ಕೆ ಮುಂಚೆ ಒಂದು ಇಡೀ ವರ್ಷ ಅಂಕಣಕ್ಕಿಳಿಯದೆ ಕುಳಿತು ಕಲಿತವನೆಂಬುದನ್ನು ಹೇಳಲಿಲ್ಲ.

ಹಾಗೆಂದು ವೆಂಬನ್ಯಾಮನ ಮೊದಲ ವರ್ಷದಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಕುಂದುಗಳಿದ್ದವು, ಮತ್ತು ಅವು ನಮ್ಮ ಹುಡುಗರಿಗೆ ಗುಣಗಳಿಗಿಂತ ಹೆಚ್ಚಿನ ಪಾಠವನ್ನು ಕಲಿಸುತ್ತವೆ. ಮೊದಲನೆಯದು, ಮೂರು ಅಂಕದ ಗೆರೆಯಾಚೆಯಿಂದ ಎಸೆಯುವ ಚಪಲ. ಪಂದ್ಯಕ್ಕೆ ಐದಾರು ಸಲ ಅಲ್ಲಿಂದ ಎಸೆದ; ಬುಟ್ಟಿಗೆ ಬಿದ್ದದ್ದು ನೂರಕ್ಕೆ 32.5 ಮಾತ್ರ. ಬಳೆಯ ಬಳಿ ನಿಂತು ಕೈಯೆತ್ತಿದರೆ ತಡೆಯುವವರೇ ಇಲ್ಲದಿರುವಾಗ ಇಪ್ಪತ್ತೈದು ಅಡಿ ದೂರದಿಂದ ಎಸೆಯುವುದೇಕೆ ಎಂದು ನನಗೂ ಎಷ್ಟೋ ಬೆಳಗುಗಳಲ್ಲಿ ಸಿಡುಕು ಬಂದದ್ದುಂಟು. ಎರಡನೆಯದು, ಚೆಂಡನ್ನು ಕೈಯಿಂದ ಕಳೆದುಕೊಳ್ಳುವುದು. ಪಂದ್ಯಕ್ಕೆ ಮೂರು ನಾಲ್ಕು ಸಲ ಹೀಗಾಯಿತು. ಎತ್ತರದವನು ಚೆಂಡನ್ನು ಪುಟಿಸುವಾಗ ಅದು ನೆಲದಿಂದ ಕೈಗೆ ಬರಲು ಹೆಚ್ಚು ದೂರ ಸಾಗಬೇಕು. ಆ ಅಂತರದಲ್ಲಿ ಗಿಡ್ಡನೊಬ್ಬನು ಕೈಹಾಕಿ ಕಸಿದುಕೊಳ್ಳುತ್ತಾನೆ. ಮೂರನೆಯದು ಮತ್ತು ಮುಖ್ಯವಾದದ್ದು, ಮೈಯಲ್ಲಿ ತೂಕವಿಲ್ಲದಿರುವುದು. ಭಾರಿ ಮೈಯವರು ಸೊಂಟದಿಂದ ಒತ್ತಿದರೆ ಆತ ಬಳೆಯ ಕೆಳಗಿನಿಂದ ಎರಡು ಹೆಜ್ಜೆ ಆಚೆಗೆ ಜರುಗಿಬಿಡುತ್ತಿದ್ದ. ಅಲ್ಲಿಂದ ಎಸೆದ ಚೆಂಡು ಸುಲಭದ ಚೆಂಡಾಗಿರುತ್ತಿರಲಿಲ್ಲ.

ಈ ಮೂರನೆಯ ಕುಂದಿಗೆ ಬಹುಮಂದಿ ಹೇಳಿದ ಪರಿಹಾರ, ಬೇಗ ತೂಕ ಹೆಚ್ಚಿಸಬೇಕೆಂಬುದು. ನಾನು ಇದನ್ನು ಒಪ್ಪುವುದಿಲ್ಲ. ಏಳಡಿಯ ಮೇಲಿನ ದೇಹವನ್ನು ಹೊರುವುದು ಮನುಷ್ಯರೆಲ್ಲರಿಗೂ ಇರುವಂಥ ಎರಡೇ ಪಾದಗಳು, ಅವುಗಳಲ್ಲಿನ ಸಣ್ಣ ಸಣ್ಣ ಎಲುಬುಗಳು. ಚೀನಾ ದೇಶದ ಯಾವ್ ಮಿಂಗ್ ಅವರ ಕಥೆ ಇಲ್ಲಿ ನೆನಪಾಗದಿರದು. ಏಳಡಿ ಆರು ಅಂಗುಲದ ಆ ಸಜ್ಜನರು 2002-03ರ ತಮ್ಮ ಮೊದಲ ವರ್ಷ ಎಂಬತ್ತೆರಡು ಪಂದ್ಯಗಳನ್ನೂ ಆಡಿದರು. ಬೇಸಿಗೆ ಬಂದರೆ ವಿಶ್ರಾಂತಿಯಿಲ್ಲ, ದೇಶದ ತಂಡದ ಕರೆ. ವರ್ಷಗಳು ಕಳೆದಂತೆ ಎಡಗಾಲಿನ ಪಾದದ ಎಲುಬು ಮತ್ತೆ ಮತ್ತೆ ಬಿರುಕು ಬಿಟ್ಟಿತು. 2009-10ರಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಮುಂದಿನ ವರ್ಷ ಐದೇ ಪಂದ್ಯ. 2011ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ನಿವೃತ್ತರಾದರು. ವೆಂಬನ್ಯಾಮ ಫ್ರಾನ್ಸಿನಲ್ಲಿದ್ದಾಗಲೇ ಬರಿಗಾಲಿನಲ್ಲಿ ಪಾದದ ಬೆರಳುಗಳಿಗೂ ಕಾಲಿನ ಕೀಲುಗಳಿಗೂ ವ್ಯಾಯಾಮ ಮಾಡುತ್ತಿದ್ದುದನ್ನು ಕಂಡು ನಕ್ಕವರಿದ್ದರು. ಅವನನ್ನು ಬೆಳೆಸಿದವರಿಗೆ ಯಾವ್ ಮಿಂಗ್ ಕಥೆ ಗೊತ್ತಿತ್ತೆಂದು ನನ್ನ ಊಹೆ.

ಎತ್ತರದವರನ್ನು ಬೆಳೆಸುವ ಈ ವಿದ್ಯೆ ಇಂದಿನದೇನೂ ಅಲ್ಲ. 1942ರಲ್ಲಿ ಷಿಕಾಗೊ ನಗರದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಜಾರ್ಜ್ ಮೈಕನ್ ಎಂಬ ಆರಡಿ ಹತ್ತು ಅಂಗುಲದ ವಿದ್ಯಾರ್ಥಿ ಬಂದ. ದಪ್ಪ ಗಾಜಿನ ಕನ್ನಡಕ, ಎಡವುವ ಕಾಲು. ಆ ಕಾಲದಲ್ಲಿ ಅಷ್ಟು ಎತ್ತರದವರು ಬ್ಯಾಸ್ಕೆಟ್‌ಬಾಲ್ ಆಡಲಾರರೆಂಬುದೇ ನಂಬಿಕೆ. ತರಬೇತುದಾರ ರೇ ಮೇಯರ್ ಆತನನ್ನು ಬಳೆಯ ಕೆಳಗೆ ನಿಲ್ಲಿಸಲಿಲ್ಲ. ಹಗ್ಗ ಜಿಗಿಸಿದರು, ಗಾಳಿಯೊಂದಿಗೆ ಗುದ್ದಾಡಿಸಿದರು, ಕಡೆಗೆ ನೃತ್ಯದ ಪಾಠವನ್ನೂ ಹೇಳಿಸಿದರು. ಬಳೆಯ ಎರಡೂ ಬದಿಗಳಿಂದ, ಎಡಗೈಯಿಂದೊಮ್ಮೆ ಬಲಗೈಯಿಂದೊಮ್ಮೆ, ದಿನಕ್ಕೆ ನೂರಾರು ಸಲ ಎಸೆಯಿಸಿದರು. ಮೈಕನ್ ಹೆಸರಿನಲ್ಲಿಯೇ ಪ್ರಸಿದ್ಧವಾದ ಆ ಅಭ್ಯಾಸವನ್ನು ಇಂದಿಗೂ ಜಗತ್ತಿನ ಶಾಲೆಶಾಲೆಗಳಲ್ಲಿ ಮಾಡಿಸುತ್ತಾರೆ. ಮುಂದೆ ಆತನ ಆಟ ಎಷ್ಟು ಬೆಳೆಯಿತೆಂದರೆ, 1951ರಲ್ಲಿ ಬಳೆಯ ಮುಂದಿನ ನಿಷಿದ್ಧ ಪಟ್ಟಿಯ ಅಗಲವನ್ನು ಆರಡಿಯಿಂದ ಹನ್ನೆರಡಡಿಗೆ ಹೆಚ್ಚಿಸಿ ಆತನನ್ನು ದೂರವಿಡಬೇಕಾಯಿತು. ಎಡವುತ್ತಿದ್ದ ಹುಡುಗನಿಗಾಗಿ ಆಟದ ನಿಯಮವೇ ಬದಲಾಯಿತು.

ವೆಂಬನ್ಯಾಮನ ಭವಿಷ್ಯದ ಬಗೆಗೆ ನನ್ನ ಅಭಿಪ್ರಾಯ ಇಷ್ಟು. ರಕ್ಷಣೆಯ ಆಟದಲ್ಲಿ ಆತ ಕಲಿಯುವುದು ಹೆಚ್ಚೇನೂ ಇಲ್ಲ; ಅದು ಹುಟ್ಟಿನಿಂದ ಬಂದದ್ದು. ಕಲಿಯಬೇಕಾದದ್ದು ಆಯ್ಕೆ: ಯಾವಾಗ ದೂರದಿಂದ ಎಸೆಯಬೇಕು, ಯಾವಾಗ ಒಳನುಗ್ಗಬೇಕು, ಯಾವಾಗ ಚೆಂಡನ್ನು ಬಿಟ್ಟುಕೊಡಬೇಕು. ತೂಕ ತಾನಾಗಿ ಬರಲಿ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಅಂತಿಮ ಪಂದ್ಯದಲ್ಲಿ ಅಮೆರಿಕದ ಘಟಾನುಘಟಿಗಳೆದುರು ಆತ 26 ಅಂಕ ಗಳಿಸಿದ. ಫ್ರಾನ್ಸ್ ಸೋತು ಬೆಳ್ಳಿಯ ಪದಕ ಪಡೆಯಿತು. ಎರಡನೆಯ ವರ್ಷದಲ್ಲಿ ಸರಾಸರಿ 24.3 ಅಂಕಗಳಿಗೆ ಏರಿದ. ದೂರದ ಎಸೆತದ ಗುರಿಯೂ ತುಸು ಸುಧಾರಿಸಿತು. ತಂಡ ಮೂವತ್ತನಾಲ್ಕನ್ನು ಗೆದ್ದಿತು. ಆದರೆ ಆತ ಆಡಿದ್ದು ನಲವತ್ತಾರು ಪಂದ್ಯಗಳನ್ನಷ್ಟೇ. 2025ರ ಫೆಬ್ರವರಿಯಲ್ಲಿ ಬಲಭುಜದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಪತ್ತೆಯಾಗಿ ಆ ವರ್ಷದ ಆಟ ಅಲ್ಲಿಗೇ ನಿಂತಿತು. ಪಾದವನ್ನು ಕಾಯುತ್ತ ಕುಳಿತವರಿಗೆ ಅಪಾಯ ಭುಜದಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಮುಂಚೆಯೇ, 2024ರ ನವೆಂಬರಿನಲ್ಲಿ, ಪೊಪೊವಿಚ್ ಅವರಿಗೆ ಪಾರ್ಶ್ವವಾಯು ತಟ್ಟಿತ್ತು. 2025ರ ಮೇ ತಿಂಗಳಲ್ಲಿ ಅವರು ತರಬೇತುದಾರನ ಹೊಣೆಯನ್ನು ಬಿಟ್ಟುಕೊಟ್ಟರು. ನೆಟ್ಟವರ ಕಣ್ಣ ಮುಂದೆಯೇ ಫಸಲು ಬರುವುದು ಎಲ್ಲರ ಪಾಲಿಗೂ ಇಲ್ಲ.

ಆ ಜೂನ್ ತಿಂಗಳಲ್ಲಿ ಆತ ಚೀನಾದ ಶಾವೊಲಿನ್ ಬೌದ್ಧ ಮಠಕ್ಕೆ ಹೋಗಿ, ತಲೆ ಬೋಳಿಸಿಕೊಂಡು, ಕೆಲವು ದಿನ ಅಲ್ಲಿನ ಭಿಕ್ಷುಗಳೊಂದಿಗೆ ದೇಹಾಭ್ಯಾಸ ಮಾಡಿದ ಸುದ್ದಿಯನ್ನು ಓದಿದಾಗ, ಮಠದ ಶಾಲೆಯಲ್ಲಿ ಆಟ ಕಲಿಸುವ ನನ್ನಂಥವನಿಗೆ ಸ್ವಲ್ಪ ಹೆಮ್ಮೆಯೇ ಆಯಿತೆಂದರೆ ವಾಚಕರು ಕ್ಷಮಿಸಬೇಕು.

ಇನ್ನು ನಮ್ಮ ದೇಶದ ಮಾತು. 2015ರ ಜೂನ್ 25ರಂದು ಪಂಜಾಬಿನ ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ ಐವತ್ತೆರಡನೆಯವರಾಗಿ ಆರಿಸಿಕೊಂಡಾಗ, ಎನ್.ಬಿ.ಎ.ಗೆ ಹೀಗೆ ಆಯ್ಕೆಯಾದ ಮೊದಲ ಭಾರತೀಯನೆಂದು ಪತ್ರಿಕೆಗಳೆಲ್ಲ ಕೊಂಡಾಡಿದವು. ಏಳಡಿ ಎರಡು ಅಂಗುಲ ಎತ್ತರ. ಆಗ ಅವರಿಗೂ ಹತ್ತೊಂಬತ್ತೇ ವರ್ಷ. ಹದಿನಾಲ್ಕನೆಯ ವಯಸ್ಸಿನಲ್ಲಿ, ಇಂಗ್ಲಿಷಿನ ಗಂಧವಿಲ್ಲದೆ, ಫ್ಲಾರಿಡಾದ ತರಬೇತಿ ಶಾಲೆಗೆ ಹೋಗಿದ್ದವರು. ಆದರೆ ಡಲ್ಲಾಸ್ ತಂಡದ ಪರವಾಗಿ ಲೀಗಿನ ಒಂದು ಪಂದ್ಯವನ್ನೂ ಅವರು ಆಡಲಾಗಲಿಲ್ಲ. ಕೆಳಹಂತದ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಎರಡು ವರ್ಷ, ಬಹುಪಾಲು ಬೆಂಚಿನ ಮೇಲೆ ಕಳೆದು ಮರಳಿದರು. ಮುಂದೆ ಅಮೆರಿಕದಲ್ಲಿಯೇ ವೃತ್ತಿಪರ ಕುಸ್ತಿಯ ಪ್ರದರ್ಶನಗಳನ್ನು ಸೇರಿದರು. ಅವರಲ್ಲಿ ಶಕ್ತಿಯಿರಲಿಲ್ಲವೆಂದೋ ಶ್ರಮವಿರಲಿಲ್ಲವೆಂದೋ ಹೇಳುವುದು ಅನ್ಯಾಯವಾಗುತ್ತದೆ. ಅಲ್ಲಿಂದ ಮರಳಿದವನು ಇಲ್ಲಿ ವರ್ಷಕ್ಕೆ ಎಪ್ಪತ್ತೆಂಬತ್ತು ಪಂದ್ಯಗಳನ್ನು ಆಡುತ್ತ ತಪ್ಪಿ ತಿದ್ದಿಕೊಳ್ಳಬೇಕೆಂದರೆ, ಆ ದಿನಗಳಲ್ಲಿ ನಮ್ಮಲ್ಲಿ ಗಟ್ಟಿಯಾಗಿ ನೆಲೆನಿಂತ ವೃತ್ತಿಪರ ಲೀಗ್ ಒಂದೂ ಇರಲಿಲ್ಲ. ಒಬ್ಬನಿಗೆ ಅರವತ್ತು ಸೋಲುಗಳ ಬೆಲೆ ತೆತ್ತು ಕಲಿಯುವ ಅವಕಾಶ ದೊರೆಯಿತು. ಇನ್ನೊಬ್ಬನಿಗೆ ಸೋಲುವುದಕ್ಕೂ ಅಂಕಣ ದೊರೆಯಲಿಲ್ಲ.

ಮೊದಲ ವರ್ಷವನ್ನೇ ಕೊನೆಯ ಮಾತೆಂದು ಹಿಡಿಯಬಾರದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ದಾವಣಗೆರೆಯಲ್ಲಿಯೇ ನಿದರ್ಶನವಿದೆ. ಆಟ ಬೇರೆಯಾದರೂ ನ್ಯಾಯ ಒಂದೇ. ವೇಗದ ಬೌಲರ್ ಆರ್. ವಿನಯ್ ಕುಮಾರ್ 2004-05ರಲ್ಲಿ ಕರ್ನಾಟಕದ ಪರವಾಗಿ ಆಡಲು ಆರಂಭಿಸಿದಾಗ ಅವರಲ್ಲಿ ಕಣ್ಣು ಕುಕ್ಕುವ ವೇಗವೂ ಇರಲಿಲ್ಲ, ಭಯಹುಟ್ಟಿಸುವ ಎತ್ತರವೂ ಇರಲಿಲ್ಲ. ಭಾರತ ತಂಡದ ಕರೆ ಬಂದದ್ದು 2010ರಲ್ಲಿ. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ರಣಜಿ ಟ್ರೋಫಿಯನ್ನು ಗೆದ್ದುಕೊಂಡಿತು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರು ಕಿತ್ತ ವಿಕೆಟ್ಟುಗಳು ಐನೂರಕ್ಕೂ ಹೆಚ್ಚು. 2005ರಲ್ಲಿ ಕುಳಿತು ಇದನ್ನೆಲ್ಲ ಮುಂಗಂಡಿದ್ದೆನೆಂದು ಹೇಳುವವರು ಈಗ ದಾವಣಗೆರೆಯಲ್ಲಿ ಬಹಳ ಜನ ಸಿಗುತ್ತಾರೆ.

ಇಷ್ಟನ್ನು ಬರೆಯುವ ನನಗೆ ಈ ವಿವೇಕ ಮೊದಲಿನಿಂದ ಇತ್ತೆಂದು ಯಾರೂ ಭಾವಿಸಬಾರದು. ಬಹಳ ವರ್ಷಗಳ ಹಿಂದೆ, ನಾನು ಈ ವೃತ್ತಿಗೆ ಹೊಸಬನಾಗಿದ್ದಾಗ, ಇಂಥದೇ ಒಬ್ಬ ಎತ್ತರದ ಹುಡುಗ ನನ್ನ ಕೈಗೆ ಸಿಕ್ಕಿದ್ದ. ಗೆಲುವಿನ ಆಸೆಗೆ ಬಿದ್ದು ಅವನನ್ನು ಬಳೆಯ ಕೆಳಗೆ ಕಂಬದಂತೆ ನಿಲ್ಲಿಸಿದೆ. ಚೆಂಡು ಬಂದರೆ ಹಿಡಿ, ಎತ್ತಿ ಹಾಕು, ಬೇರೇನೂ ಮಾಡಬೇಡ ಎಂದೆ. ಸಿಮೆಂಟಿನ ಅಂಕಣದ ಮೇಲೆ, ಅಡಿ ಸವೆದ ಕ್ಯಾನ್ವಾಸ್ ಬೂಟಿನಲ್ಲಿ, ದಿನಕ್ಕೆ ಮೂರು ಪಂದ್ಯಗಳನ್ನು ಆಡಿಸಿದೆ. ಎರಡು ವರ್ಷ ಕಪ್ಪುಗಳು ಬಂದವು. ಮಂಡಿ ನೋವೆಂದು ಅವನು ಹೇಳಿದಾಗ, ಬೆಳೆಯುವ ಹುಡುಗರಿಗೆ ಅದೆಲ್ಲ ಸಹಜವೆಂದು ಗದರಿದೆ. ಕಾಲೇಜಿಗೆ ಹೋದ ಮೇಲೆ ಅಲ್ಲಿ ಅವನಷ್ಟೇ ಎತ್ತರದವರು ಇನ್ನಿಬ್ಬರಿದ್ದರು. ಅವರಿಗೆ ಚೆಂಡು ಪುಟಿಸಲು ಬರುತ್ತಿತ್ತು, ಇವನಿಗೆ ಬರುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ಆಟ ಬಿಟ್ಟ. ಈಗ ಎಂದಾದರೊಮ್ಮೆ ದಾವಣಗೆರೆಯ ಸಂತೆಯಲ್ಲಿ ಎದುರಾಗುತ್ತಾನೆ. "ಆರಾಮಿದ್ದೀರಾ ಸರ್?" ಎಂದು ಬಾಗಿ ಕೇಳುತ್ತಾನೆ. ಮೆಟ್ಟಿಲು ಹತ್ತುವಾಗ ಅವನ ಕೈ ಮಂಡಿಯ ಮೇಲಿರುತ್ತದೆ.

ಆದ್ದರಿಂದ ಈ ವರ್ಷದ ಹುಡುಗನ ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ. ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಹಗ್ಗ ಜಿಗಿಯುತ್ತಾನೆ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ತುದಿಗಾಲ ನಡಿಗೆ. ಸಂಜೆ ಗಿಡ್ಡ ಹುಡುಗರೊಂದಿಗೆ ಸೇರಿ ಚೆಂಡು ಪುಟಿಸುವ ಅಭ್ಯಾಸ, ಎಡಗೈಯಲ್ಲಿ ಹೆಚ್ಚು. ಐದನೆಯ ತರಗತಿಯ ಮಕ್ಕಳೂ ಅವನಿಂದ ಚೆಂಡು ಕಸಿಯುತ್ತಾರೆ, ಕೇಕೆ ಹಾಕಿ ನಗುತ್ತಾರೆ. ನೃತ್ಯದ ಪಾಠ ಹೇಳಿಸುವ ಧೈರ್ಯ ನನಗೆ ಸಾಲದೆ, ವಾರ್ಷಿಕೋತ್ಸವದ ಕೋಲಾಟದ ತಂಡಕ್ಕೆ ಸೇರಿಸಿದ್ದೇನೆ. ಹೆಜ್ಜೆ ತಪ್ಪಿದರೆ ಪಕ್ಕದವನ ಕೋಲು ಬೆರಳಿಗೆ ಬೀಳುತ್ತದಾದ್ದರಿಂದ ಬೇಗ ಕಲಿಯುತ್ತಿದ್ದಾನೆ. ಈ ಸಲದ ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಅವನು ಅರ್ಧ ಹೊತ್ತು ಮಾತ್ರ ಆಡುತ್ತಾನೆ, ಬಳೆಯ ಕೆಳಗೆ ನಿಲ್ಲುವುದಿಲ್ಲ ಎಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇನೆ. ಪ್ರಾಯಶಃ ನಾವು ಸೋಲುತ್ತೇವೆ. ಸೋತರೆ ನನ್ನನ್ನು ಕೇಳುವವರು ಯಾರು ಯಾರೆಂಬುದೂ ಗೊತ್ತಿದೆ. ಅವರಿಗಾಗಿಯೇ ಮೇಲಿನ ಲೆಕ್ಕವನ್ನೆಲ್ಲ ಬರೆದಿಟ್ಟದ್ದು. ಮೊನ್ನೆ ಅವನ ತಂದೆ ಹೊಲದಿಂದ ನೇರವಾಗಿ ಶಾಲೆಗೆ ಬಂದಿದ್ದರು. ಬಹಳ ಹೊತ್ತು ಬಯಲಿನ ಅಂಚಿನಲ್ಲಿ ನಿಂತು ನೋಡಿ, "ಮೇಷ್ಟ್ರೇ, ಹುಡುಗ ಈಗೀಗ ಬೆನ್ನು ನೆಟ್ಟಗೆ ಮಾಡ್ಕೊಂಡು ನಡೀತಾನೆ" ಎಂದು ಹೇಳಿ ಹೋದರು.